ಸಹಾಯ ಬೇಕು: ಶೆಲ್ ಸ್ಕ್ರಿಪ್ಟ್‌ನಲ್ಲಿ 0008 ಬಂದರೆ ಲೆಕ್ಕ ನಿಲ್ಲುತ್ತದೆ

ಎಲ್ಲರಿಗೂ ನಮಸ್ಕಾರ. ನಾನು ಮಂಜೇಶ್ವರದ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರ ಗ್ರಂಥಾಲಯದ ಕೆಲಸ ನೋಡಿಕೊಳ್ಳುತ್ತೇನೆ. ಕೇರಳದ ಇತರ ಶಾಲೆಗಳಂತೆ ನಮ್ಮ ಕಂಪ್ಯೂಟರಿನಲ್ಲೂ ಉಬುಂಟು ಆಧಾರಿತ ಲಿನಕ್ಸ್ ಇದೆ.

ಪುಸ್ತಕಗಳಿಗೆ ಅಂಟಿಸಲು 0001ರಿಂದ 2400ರವರೆಗಿನ ಸಂಖ್ಯೆಗಳನ್ನು, ಸಾಲಾಗಿ ಸಂಖ್ಯೆ ಬರೆದುಕೊಡುವ 'ಸೆಕ್' (seq) ಆಜ್ಞೆಯಿಂದ ಪಡೆದೆ. ಮುಂದೆ ಸೊನ್ನೆ ಸೇರಿಸಿ ಉದ್ದ ಸಮ ಮಾಡುವ ಡಬ್ಲ್ಯೂ (-w) ಆಯ್ಕೆ ಕೊಟ್ಟಿದ್ದರಿಂದ ಎಲ್ಲವೂ ನಾಲ್ಕಂಕಿಯಲ್ಲಿ ಅಂದವಾಗಿ ಬಂದವು. ಆಮೇಲೆ ಯಾವ ಪುಸ್ತಕಗಳು ಕಳೆದುಹೋಗಿವೆ ಎಂದು ತಿಳಿಯಲು, ಕಪಾಟಿನಲ್ಲಿ ಸಿಕ್ಕ ಪುಸ್ತಕಗಳ ಸಂಖ್ಯೆಗಳನ್ನು ಒಂದು ಕಡತದಲ್ಲಿ ಬರೆದು, ಪ್ರತಿಯೊಂದಕ್ಕೂ ಒಂದನ್ನು ಕೂಡಿಸಿ ಮುಂದಿನದು ಇದೆಯೇ ಎಂದು ನೋಡುವ ಸ್ಕ್ರಿಪ್ಟನ್ನು ಬ್ಯಾಶ್‌ನಲ್ಲಿ (ಆಜ್ಞೆಗಳನ್ನು ಓದಿ ನಡೆಸುವ ಶೆಲ್) ಬರೆದೆ. 0007ರವರೆಗೆ ಸರಿ. 0008ಕ್ಕೆ ದೋಷ! ಮುಂದೆ ಸೊನ್ನೆ ಇದ್ದರೆ ಬ್ಯಾಶ್ ಅದನ್ನು ಎಂಟರ ಆಧಾರದ ಸಂಖ್ಯೆ ಎಂದು ಓದುತ್ತದೆ, ಅಲ್ಲಿ 8 ಮತ್ತು 9 ಎಂಬ ಅಂಕಿಗಳೇ ಇಲ್ಲ ಎಂದು ತಿಳಿಯಿತು. ನನ್ನನ್ನು ಹೆಚ್ಚು ಹೆದರಿಸಿದ್ದು 0010. ಅದಕ್ಕೆ ದೋಷ ಬರುವುದಿಲ್ಲ, ಸದ್ದಿಲ್ಲದೆ ಎಂಟಾಗಿಬಿಡುತ್ತದೆ.

ಸೊನ್ನೆಗಳನ್ನು ಉಳಿಸಿಕೊಂಡೇ ಹತ್ತರ ಆಧಾರದಲ್ಲಿ ಲೆಕ್ಕ ಮಾಡಿಸುವುದು ಹೇಗೆ? ಅಥವಾ ಕೂಡಿಸುವುದನ್ನೇ ಬಿಟ್ಟು, ಪೂರ್ಣ ಪಟ್ಟಿಯನ್ನೂ ಸಿಕ್ಕ ಪುಸ್ತಕಗಳ ಪಟ್ಟಿಯನ್ನೂ, ಎರಡು ಕಡತಗಳನ್ನು ಸಾಲು ಸಾಲಾಗಿ ಹೋಲಿಸುವ 'ಕಾಮ್' (comm) ಆಜ್ಞೆಯಿಂದ ಹೋಲಿಸುವುದು ಮೇಲೇ? ನನಗೆ ಎರಡನೆಯದೇ ಸರಿ ಎನಿಸುತ್ತದೆ, ಆದರೆ ಒಂದೇ ಸಂಖ್ಯೆ ಎರಡು ಸಲ ಬರೆದಿದ್ದರೆ ಏನಾಗುತ್ತದೆ?

ಕಳೆದುಹೋದವುಗಳಲ್ಲಿ ಮತ್ತೆ ಅಚ್ಚಾಗದ ಹಳೆಯ ಕನ್ನಡ ಪುಸ್ತಕಗಳಿವೆ. ಬಲ್ಲವರು ದಯವಿಟ್ಟು ಒಂದೆರಡು ಸಾಲಿನ ಉದಾಹರಣೆ ಬರೆದು ತಿಳಿಸಿ.