ಸಹಾಯ ಬೇಕು: ಒಮರ್ ಖಾದರ್ ಕೇಸ್, ಕಾನೂನು ಗೊತ್ತಿರೋರು ದಯವಿಟ್ಟು ಹೇಳಿ

ನಮಸ್ಕಾರ ಎಲ್ರಿಗೂ, ಮೂಟ್ ಕೋರ್ಟ್‌ಗೆ (ಅಣಕು ಕೋರ್ಟ್ ವಾದ) ಒಮರ್ ಖಾದರ್ ಕೇಸ್ ಓದ್ತಾ ಇದೀನಿ, ಒಂದು ಕಡೆ ಮುಂದೆ ಹೋಗೋಕೇ ಆಗ್ತಿಲ್ಲ. ಕೆನಡಾದಲ್ಲಿ ಹುಟ್ಟಿದ ಹುಡುಗ, 2002ರಲ್ಲಿ ಅಫ್ಘಾನಿಸ್ತಾನದಲ್ಲಿ ಅಮೆರಿಕ ಸೈನ್ಯದ ಕೈಗೆ ಸಿಕ್ಕಾಗ ಬರೀ 15 ವರ್ಷ, ಆಮೇಲೆ ಕ್ಯೂಬಾದಲ್ಲಿರೋ ಅಮೆರಿಕದ ಗ್ವಾಂಟನಾಮೋ ಜೈಲು. ಅಲ್ಲಿಗೆ ಕೆನಡಾ ಅಧಿಕಾರಿಗಳೇ ಹೋಗಿ ವಿಚಾರಣೆ ಮಾಡಿದ್ರು, ಅವನಿಗೆ ನಿದ್ದೆ ಮಾಡೋಕೆ ಬಿಡ್ತಿಲ್ಲ ಅಂತ ಗೊತ್ತಿದ್ದೂ 2004ರಲ್ಲಿ ಮತ್ತೆ ಪ್ರಶ್ನೆ ಕೇಳಿದ್ರು, ಓದಿ ಹೊಟ್ಟೆ ಉರೀತು ನಂಗೆ.

ಅವನನ್ನ ವಾಪಸ್ ಕಳಿಸಿ ಅಂತ ಕೆನಡಾ ಸರ್ಕಾರ ಅಮೆರಿಕಾನ ಕೇಳಲೇಬೇಕು ಅಂತ 2009ರಲ್ಲಿ ಕೆನಡಾದ ಫೆಡರಲ್ ಕೋರ್ಟ್ ಹೇಳ್ತು, ಆದ್ರೆ 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಚಾರ್ಟರ್‌ನ (ಕೆನಡಾ ಸಂವಿಧಾನದ ಹಕ್ಕುಗಳ ಭಾಗ) 7ನೇ ಸೆಕ್ಷನ್, ಅಂದ್ರೆ ಜೀವ, ಸ್ವಾತಂತ್ರ್ಯ, ಭದ್ರತೆಯ ಹಕ್ಕು, ಉಲ್ಲಂಘನೆ ಆಗಿದೆ ಅಂತ ಒಪ್ಕೊಂಡೂ, ಇದು ವಿದೇಶಾಂಗ ವಿಷಯ ಅಂತ ಪರಿಹಾರನ ಸರ್ಕಾರಕ್ಕೇ ಬಿಡ್ತು. ಅವನು ಕೆನಡಾಗೆ ಬಂದಿದ್ದು 2012ರಲ್ಲಿ!

ನನ್ನ ಡೌಟ್ ಏನಂದ್ರೆ, ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 37ನೇ ವಿಧಿ ಪ್ರಕಾರ ಮಕ್ಕಳ ಬಂಧನ ಕೊನೇ ದಾರಿ ಆಗಿರ್ಬೇಕು, ಅಮೆರಿಕ ಅದನ್ನ ರ‍್ಯಾಟಿಫೈ (ಅಧಿಕೃತವಾಗಿ ಅನುಮೋದನೆ) ಮಾಡಿಲ್ಲ, ಕೆನಡಾ ಮಾಡಿದೆ. ಹಾಗಾದ್ರೆ ಬೇರೆ ದೇಶದ ಜೈಲಲ್ಲಿರೋ ತನ್ನ ಮಗುನ ಕರ್ಕೊಂಡು ಬರೋ ಕರ್ತವ್ಯ ಕೆನಡಾಗೆ ಇದ್ರಿಂದ ಬರುತ್ತೆ ಅಂತ ವಾದಿಸಬಹುದಾ? ಬೇರೆ ದೇಶದ ಯಾವ್ದಾದ್ರೂ ತೀರ್ಪು ಇದ್ರೆ ಪ್ಲೀಸ್ ಹೇಳಿ, ಸರ್ಕಾರದ ಪರ ಬಲವಾದ ವಾದ ಇದ್ರೂ ಬೇಕು.