ಬಾವಿ ನೀರಲ್ಲಿ ಯೆಲ್ಲೋ ಲ್ಯಾಬ್ ಮೀನು: ಅನುಭವ ಇದ್ದವರು ಹೇಳಿ

ಪ್ರಶ್ನೆ, ಬದಿಯಡ್ಕದಿಂದ: 4×1.5×1.5 ಅಡಿ ಟ್ಯಾಂಕಿನಲ್ಲಿ ಎಂಟು ಯೆಲ್ಲೋ ಲ್ಯಾಬ್ ಇವೆ. ಬಾವಿ ನೀರಿನ ಪಿಎಚ್ 6. ಒಂದು ಹೆಣ್ಣು ಬಾಯಲ್ಲಿ ಮೊಟ್ಟೆ ಇಟ್ಟುಕೊಂಡಿದೆ, ಆಹಾರ ಮುಟ್ಟುವುದಿಲ್ಲ. ನೀರು ಸರಿ ಮಾಡುವುದು ಹೇಗೆ? ಮರಿ ಉಳಿಸುವುದು ಹೇಗೆ?

ಕುಂಬಳೆಯಿಂದ: ಮೊದಲು ನೀರು. ಮುರಕಲ್ಲಿನ (ಜಂಬಿಟ್ಟಿಗೆಯ) ಬಾವಿಯಲ್ಲಿ ಸುಣ್ಣದ ಅಂಶ ತೀರಾ ಕಡಿಮೆ. ಮೀನೋ ಆಫ್ರಿಕಾದ ಮಲಾವಿ ಸರೋವರದ್ದು, ಅಲ್ಲಿ ಪಿಎಚ್ 7.7ರಿಂದ 8.6. ಸೇದಿದ ಕೂಡಲೇ ಅಳೆಯಬೇಡಿ. ಕರಗಿದ ಇಂಗಾಲದ ಡೈಆಕ್ಸೈಡಿನಿಂದ ಪಿಎಚ್ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಡ್ರಮ್ಮಿಗೆ ತುಂಬಿಸಿ, ಒಂದು ದಿನ ಏರ್ ಪಂಪ್ ಓಡಿಸಿ ನೋಡಿ. ಪಿಎಚ್ ಏರಿಸುವ ಬಾಟಲಿ ಮದ್ದಿಗೆ ದುಡ್ಡು ಹಾಕಬೇಡಿ ಮಾರಾಯ್ರೆ, ಕೆಎಚ್ (ಪಿಎಚ್ ಕುಸಿಯದಂತೆ ಹಿಡಿಯುವ ಕಾರ್ಬೊನೇಟ್ ಅಂಶ) ಇಲ್ಲದ ನೀರಲ್ಲಿ ಅದು ನಿಲ್ಲುವುದಿಲ್ಲ. 100 ಲೀಟರಿಗೆ 6 ಗ್ರಾಂ ಅಡುಗೆ ಸೋಡಾ ಹಾಕಿದರೆ ಕೆಎಚ್ ಸುಮಾರು 2 ಡಿಗ್ರಿ ಏರುತ್ತದೆ. ಸೋಡಾದಿಂದ ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ಬರುವ ಗಡಸುತನ) ಬರುವುದಿಲ್ಲ. ಅದಕ್ಕೆ 100 ಲೀಟರಿಗೆ ನಾಲ್ಕೂವರೆ ಗ್ರಾಂ ಎಪ್ಸಮ್ ಉಪ್ಪು, 1 ಡಿಗ್ರಿಯಷ್ಟು. ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಕುದಿಸಿ, ತೊಳೆದು, ಪುಡಿಗುಟ್ಟಿ ಬಲೆಚೀಲದಲ್ಲಿ ಫಿಲ್ಟರಿಗೆ ಇಟ್ಟರೆ ನಿಧಾನಕ್ಕೆ ಕರಗುತ್ತಾ ಇರುತ್ತದೆ. ಎಲ್ಲವನ್ನೂ ಡ್ರಮ್ಮಿನಲ್ಲೇ ಕಲಸಿ, ಸ್ವಲ್ಪ ಸ್ವಲ್ಪ ನೀರು ಬದಲಿಸುತ್ತಾ ವಾರಗಟ್ಟಲೆ ತೆಗೆದುಕೊಂಡು ಏರಿಸಿ. ಪಿಎಚ್ ಮೇಲೆ ಹೋದಷ್ಟೂ ನೀರಲ್ಲಿರುವ ಅಮೋನಿಯದ ವಿಷ ಜಾಸ್ತಿ. ಫಿಲ್ಟರ್ ಪಕ್ವವಾಗದ, ಅಂದರೆ ಅಮೋನಿಯ ತಿನ್ನುವ ಬ್ಯಾಕ್ಟೀರಿಯ ಇನ್ನೂ ಬೆಳೆಯದ, ಹೊಸ ಟ್ಯಾಂಕಾದರೆ ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಯಬಹುದು.

ಪೆರ್ಲದಿಂದ: ತಾಯಿ ತಿನ್ನದಿರುವುದು ಸಹಜ. ನೀರು 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೆಚ್ಚುಕಡಿಮೆ ಮೂರು ವಾರ ಹಾಗೇ ಇರುತ್ತದೆ. ಮೊದಲ ವಾರ ಕೈ ಹಾಕಲೇಬೇಡಿ, ಹೆದರಿದರೆ ಮೊಟ್ಟೆ ಉಗುಳುತ್ತದೆ ಇಲ್ಲವೇ ನುಂಗುತ್ತದೆ. ಹದಿನೆಂಟನೇ ದಿನದ ಹೊತ್ತಿಗೆ, ರಾತ್ರಿ ಲೈಟ್ ಆರಿಸಿ, ನೀರಿನ ಸಮೇತ ಡಬ್ಬಿಯಲ್ಲಿ ಹಿಡಿದು 40 ಲೀಟರಿನ ಬೇರೆ ಟ್ಯಾಂಕಿಗೆ ಬಿಡಿ. ಅದರಲ್ಲೂ ದೊಡ್ಡ ಟ್ಯಾಂಕಿನ ನೀರೇ ಇರಲಿ, ಸ್ಪಂಜ್ ಫಿಲ್ಟರ್ ಸಾಕು. ಮರಿ ಉಗುಳಿದ ಮೇಲೆ ತಾಯಿಗೆ ನಾಲ್ಕು ದಿನ ಅಲ್ಲೇ ತಿನ್ನಿಸಿ ವಾಪಸ್ ಬಿಡಿ. ಬಡಕಲಾಗಿ ಹೋದರೆ ಗಂಡು ಬೆನ್ನಟ್ಟಿ ಕೊಲ್ಲುತ್ತದೆ. ಮರಿಗೆ ನುಣ್ಣಗೆ ಪುಡಿ ಮಾಡಿದ ಸ್ಪಿರುಲಿನ ಫ್ಲೇಕ್, ಸಿಕ್ಕಿದರೆ ಆರ್ಟೀಮಿಯ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿ.

ಮಂಜೇಶ್ವರದಿಂದ: ಬಾಯಿ ಬಿಡಿಸಿ ಮರಿ ತೆಗೆಯುವ ಕ್ರಮವೂ ಉಂಟು, ಆದರೆ ಕೈ ಪಳಗದವರಿಗೆ ಬೇಡ, ದವಡೆ ಹರಿಯುತ್ತದೆ. ಕಲ್ಲಿನ ಸಂದು ಬೇಕಾದಷ್ಟಿದ್ದರೆ ದೊಡ್ಡ ಟ್ಯಾಂಕಿನಲ್ಲೇ ಕೆಲವು ಮರಿ ಬದುಕುತ್ತವೆ. ಮುರಕಲ್ಲು ಹಾಕಬೇಡಿ, ಉದುರಿ ನೀರು ಕೆಂಪಾಗುತ್ತದೆ, ಕಗ್ಗಲ್ಲೇ ಆಗಲಿ. ಕಲ್ಲನ್ನು ತಳದ ಮೇಲೆ ಗಟ್ಟಿಯಾಗಿ ಕೂರಿಸಿ ಆಮೇಲೆ ಮರಳು ಸುರಿಯಿರಿ. ಮರಳಿನ ಮೇಲೆ ಇಟ್ಟರೆ ಮೀನು ಅಡಿ ತೋಡಿ, ಕಲ್ಲು ಜಾರಿ, ಗಾಜು ಒಡೆಯುತ್ತದೆ. ಒಂದು ಗಂಡಿಗೆ ಮೂರು ಹೆಣ್ಣಾದರೂ ಇರಲಿ. ಬೇರೆ ಜಾತಿಯ ಮಲಾವಿ ಮೀನು ಸೇರಿಸಿದರೆ ಮಿಶ್ರತಳಿ ಬಂದೀತು, ಅಂಥ ಮರಿ ಯಾರಿಗೂ ಕೊಡಬೇಡಿ. ಮಳೆಗಾಲದ ಕರೆಂಟ್ ಕತೆ ಗೊತ್ತಲ್ಲ, ಬ್ಯಾಟರಿ ಏರ್ ಪಂಪ್ ಈಗಲೇ ತಂದಿಡಿ.