ಸಹಾಯ ಬೇಕು: ಮೀನುಗಾರಿಕೆ ಬಂದ್ ಅವಧಿ ‘ಸಂದರ್ಭ’ವೋ, ಕೃತ್ಯದ ಭಾಗವೋ?

ಎಲ್ಲರಿಗೂ ನಮಸ್ಕಾರ. ಕಾರವಾರ ಕಡೆಯ ದೊಡ್ಡ ಮಕ್ಕಳ ಕ್ಯಾಟೆಕಿಸಂ (ಕ್ಯಾಥೊಲಿಕ್ ಧರ್ಮಬೋಧೆ) ಪಾಠ ಒಂದು ಕಡೆ ಸಿಕ್ಕಿಕೊಂಡಿದೆ. ಕೃತ್ಯವನ್ನು ಅಳೆಯೋದು ಮೂರರಿಂದ: ಮಾಡಿದ್ದೇನು, ಯಾಕೆ, ಯಾವ ಸಂದರ್ಭದಲ್ಲಿ. ಮಾಡಿದ್ದೇ ಕೆಟ್ಟದ್ದಾದರೆ ಒಳ್ಳೆ ಉದ್ದೇಶ ಅದನ್ನು ಸರಿಮಾಡಲ್ಲ. ಇಲ್ಲಿವರೆಗೆ ಮಕ್ಕಳಿಗೆ ಸಲೀಸು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳ ಮೀನುಗಾರಿಕೆಗೆ ನಿಷೇಧವಿರುವ ಬಂದ್‌ನಲ್ಲಿ, ಮಗಳ ಫೀಸಿಗೆಂದು ಒಬ್ಬರು ಟ್ರಾಲ್ ಬೋಟ್ ಕಡಲಿಗಿಳಿಸ್ತಾರೆ ಅಂದುಕೊಳ್ಳಿ. ಮೀನು ಹಿಡಿಯೋದು ತಪ್ಪಲ್ಲ. ಕಾಲ ಬರೀ ಸಂದರ್ಭ ಅಂದರೆ, ಸಂದರ್ಭವೇ ಒಳ್ಳೆ ಕೆಲಸವನ್ನು ಕೆಡಿಸಿದಂತಾಯ್ತು. ಕ್ಯಾಟೆಕಿಸಂ ಪುಸ್ತಕದ 1754ನೇ ಕಂಡಿಕೆ ನೋಡಿದೆ: ಸಂದರ್ಭ ತಾನಾಗಿ ಕೃತ್ಯದ ನೈತಿಕ ಗುಣ ಬದಲಿಸಲಾರದು. ಮಧ್ಯಯುಗದ ದೈವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸ್ ಮಾತ್ರ, ಪವಿತ್ರ ಸ್ಥಳದಲ್ಲಿ ಕದ್ದರೆ ಆ ಸ್ಥಳವೇ ಪಾಪದ ಬಗೆಯನ್ನು ಬದಲಿಸುತ್ತದೆ ಅಂತಾರೆ.

ಫಾದರ್‌ಗಳೇ, ಸಿಸ್ಟರ್‌ಗಳೇ, ಬಂದ್ ಅವಧಿಯನ್ನು ‘ಸಂದರ್ಭ’ದಲ್ಲಿ ಸೇರಿಸಿ ಕಲಿಸಬೇಕೋ, ‘ಮಾಡಿದ್ದೇನು’ ಅನ್ನೋದರಲ್ಲೋ? ಯಾಕೆ?